ಬೈತಲೆಯ ಅಗಲ

ಹದಿನಾಲ್ಕು ತಿಂಗಳಿಂದ ಇಶಾ ನಮಾಝ್ ಮುಗಿದ ಮೇಲೆ ನಾನೊಂದು ಕೆಲಸ ಮಾಡುತ್ತಿದ್ದೇನೆ. ಕೋಣೆಯ ಬಾಗಿಲು ಹಾಕಿ, ಕನ್ನಡಿಯ ಮುಂದೆ ನಿಂತು, ಬೈತಲೆ ತೆಗೆದು, ಸಣ್ಣ ಬಾಟಲಿಯಿಂದ ಒಂದು ಮಿಲಿಲೀಟರಿನಷ್ಟು ದ್ರಾವಣವನ್ನು ನೆತ್ತಿಗೆ ಹಚ್ಚಿಕೊಳ್ಳುತ್ತೇನೆ. ಔಷಧಿಯ ಹೆಸರು ಮಿನಾಕ್ಸಿಡಿಲ್, ಶೇಕಡಾ 5ರದು. ಹಚ್ಚಿದ ಮೇಲೆ ನಾಲ್ಕು ಗಂಟೆಯಾದರೂ ತಲೆಗೆ ನೀರು ತಾಗಿಸಬಾರದು. ಇಶಾದ ನಂತರ ಹಚ್ಚಿಕೊಂಡರೆ ಫಜ್ರ್‌ನ ವುಝೂ ಹೊತ್ತಿಗೆ ಒಣಗಿರುತ್ತದೆ. ಐದು ಹೊತ್ತು ತಲೆಗೆ ಒದ್ದೆ ಕೈ ಸವರುವವರಿಗೆ ಇದಕ್ಕಿಂತ ಒಳ್ಳೆಯ ವೇಳೆ ಇಲ್ಲ.

ಈ ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ನನಗೆ ಇವತ್ತಿಗೂ ಖಾತ್ರಿಯಿಲ್ಲ.

ಇಷ್ಟು ಓದಿದ ಕೂಡಲೇ ಕೆಲವರಿಗೆ ನಗು ಬರಬಹುದು. ಮನೆಯಲ್ಲಿ ಸೆರಗು, ಹೊರಗೆ ಹೊರಟರೆ ಬುರ್ಖಾ. ಇಂಥವಳಿಗೆ ಕೂದಲಿನ ಚಿಂತೆ ಯಾಕೆ? ನಮ್ಮ ಭಾಬಿ ಇದನ್ನು ಮುಖಕ್ಕೇ ಕೇಳಿಬಿಟ್ಟರು: "ನೋಡುವವರು ಯಾರಿದ್ದಾರೆ, ಸುಮ್ಮನೆ ದುಡ್ಡು ಹಾಳು." ಅವರ ಮಾತಿಗೆ ಆ ಹೊತ್ತು ಉತ್ತರ ಹೊಳೆಯಲಿಲ್ಲ. ಆಮೇಲೆ ಅನಿಸಿತು, ನೋಡುವವರು ಇಲ್ಲದಿರುವುದೇ ನನ್ನ ತೊಂದರೆ. ಬೋಳಾಗುತ್ತಿರುವ ಗಂಡಸಿಗೆ ಅಂಗಡಿಯವನಿಂದ ಹಿಡಿದು ಹಳೆಯ ಗೆಳೆಯನವರೆಗೆ ಎಲ್ಲರೂ ಸಾಕ್ಷಿಗಳು. "ಏನ್ರೀ, ಮುಂದೆ ಖಾಲಿಯಾಯ್ತಲ್ಲ" ಎಂದು ಒಬ್ಬನಾದರೂ ಹೇಳುತ್ತಾನೆ. ನನ್ನ ತಲೆಗೆ ನಾನೊಬ್ಬಳೇ ಸಾಕ್ಷಿ. ಆ ಸಾಕ್ಷಿ ದಿನಕ್ಕೊಂದು ಹೇಳಿಕೆ ಕೊಡುತ್ತದೆ.

ನಾನಿರುವುದು ಕೊಪ್ಪಳದಲ್ಲಿ. ಕೂದಲಿನ ಬೆಲೆಯೇನೆಂದು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿಗೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ಕೂದಲೇ ಉದ್ಯೋಗ. ಬಾಚಣಿಗೆಗೆ ಸಿಕ್ಕಿ ಬಂದ ಕೂದಲಿನ ಉಂಡೆಗಳು ಎಲ್ಲೆಲ್ಲಿಂದಲೋ ಬಂದು ಬೀಳುತ್ತವೆ. ಹೆಂಗಸರು ಕೂತು ಸಿಕ್ಕು ಬಿಡಿಸುತ್ತಾರೆ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ಅದು ಹೊರದೇಶಗಳಿಗೆ ಹೋಗಿ ಇನ್ಯಾರದೋ ತಲೆಯ ಮೇಲೆ ವಿಗ್ಗಾಗಿ ಕೂರುತ್ತದೆ. ನಾನು ಚಿಕ್ಕವಳಿದ್ದಾಗ ಕೂದಲು ಕೊಳ್ಳುವವರು ಓಣಿಗೆ ಬರುತ್ತಿದ್ದರು. ಕೂದಲಿನ ಉಂಡೆಗೆ ಪಿನ್ನು, ಬಲೂನು, ತೂಕ ಹೆಚ್ಚಿದ್ದರೆ ಸ್ಟೀಲಿನ ಡಬ್ಬಿ. ಓಣಿಯ ಮಕ್ಕಳೆಲ್ಲ ಬಲೂನು ಹಿಡಿದು ಓಡುತ್ತಿದ್ದರೆ ನಾವು ಅಕ್ಕತಂಗಿಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಅಮ್ಮಾ ಒಂದು ಎಳೆಯನ್ನೂ ಕೊಟ್ಟವರಲ್ಲ. "ಇನ್ಸಾನಿನ ಮೈಯದನ್ನು ಮಾರಬಾರದು ಬೇಟಿ" ಎನ್ನುತ್ತಿದ್ದರು. ತಾವು ಬಾಚಿಕೊಂಡ ಕೂದಲನ್ನು ಬೆರಳಿಗೆ ಸುತ್ತಿ ಹಿತ್ತಲ ಕರಿಬೇವಿನ ಬುಡದಲ್ಲಿ ಹೂಳುತ್ತಿದ್ದರು.

ಅಮ್ಮಾನ ಓಢ್ನಿ ತಲೆಯಿಂದ ಜಾರಿದ್ದನ್ನು ನಾವು ಕಂಡದ್ದಿಲ್ಲ. ಹೆಂಗಸರಷ್ಟೇ ಇರುವ ಮದುವೆ ಮನೆಯಲ್ಲಿ ಎಲ್ಲರೂ ಜಡೆ ಬಿಚ್ಚಿ ಹೂ ಮುಡಿಯುತ್ತಿದ್ದರೂ ಅವರು ಹಣೆಯವರೆಗೆ ಎಳೆದುಕೊಂಡೇ ಕೂರುತ್ತಿದ್ದರು. ಮಲಗಿದಾಗಲೂ ಹಾಗೆಯೇ. ಮೊಹಲ್ಲಾದಲ್ಲಿ ಅವರಿಗೆ ದೀನ್‌ದಾರ್ ಎಂದು ಹೆಸರು. ನಮಗೂ ಅದರ ಹೆಮ್ಮೆಯಿತ್ತು.

ಅಮ್ಮಾ ತೀರಿಕೊಂಡದ್ದು 2017ರ ಮಳೆಗಾಲದಲ್ಲಿ. ಗುಸ್ಲ್ ಕೊಡಲು ಮೊಹಲ್ಲಾದ ಖಾಲಾ ಬಂದರು. ನಾನು, ಆಪಾ ಇಬ್ಬರೂ ನೀರು ಹಾಕಲು ನಿಂತೆವು. ತಲೆ ತೊಳೆಯಲೆಂದು ಓಢ್ನಿ ತೆಗೆದಾಗ ಆಪಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನೆತ್ತಿ ಪೂರ್ತಿ ಕಾಣುತ್ತಿತ್ತು. ಕಿವಿಗಳ ಹಿಂದೆ, ಕತ್ತಿನ ಮೇಲೆ ಒಂದಿಷ್ಟು ಬಿಳಿಯ ಎಳೆಗಳು, ಅಷ್ಟೇ. ನಮ್ಮ ಕಡೆ ಹೆಣ್ಣಿನ ಮಯ್ಯಿತ್‌ಗೆ ಕಫನಿ ತೊಡಿಸಿದ ಮೇಲೆ ಕೂದಲನ್ನು ಎರಡು ಭಾಗ ಮಾಡಿ ಎದೆಯ ಮೇಲಿಟ್ಟು ಓಢ್ನಿ ಹೊದಿಸುತ್ತಾರೆ. ಖಾಲಾ ರೂಢಿಯಂತೆ ಕೈ ಚಾಚಿದರು. ಎರಡು ಭಾಗ ಮಾಡುವಷ್ಟು ಇರಲಿಲ್ಲ. ಇದ್ದದ್ದನ್ನೇ ಬೆರಳಿನಿಂದ ಸವರಿ, ಎಡಕ್ಕಿಷ್ಟು ಬಲಕ್ಕಿಷ್ಟು ಎಂಬಂತೆ ಇಟ್ಟು, ಬೇಗ ಬೇಗ ಓಢ್ನಿ ಎಳೆದರು. "ಇಲ್ಲಿ ಕಂಡದ್ದನ್ನು ಇಲ್ಲೇ ಬಿಟ್ಟು ಹೋಗಬೇಕು" ಎಂದರು.

ಕರಿಬೇವಿನ ಬುಡದ ಅರ್ಥ ನನಗೆ ಅವತ್ತು ಬೇರೆಯಾಗಿ ಹೊಳೆಯಿತು. ಅಮ್ಮಾನ ದೀನ್‌ದಾರಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಎಷ್ಟು ಉದುರಿತೆಂದು ಯಾರಿಗೂ ಗೊತ್ತಾಗಬಾರದು ಎಂಬುದೂ ಆ ಹೂಳುವುದರಲ್ಲಿ ಸೇರಿತ್ತು ಅನಿಸುತ್ತದೆ. ಮದುವೆ ಮನೆಗಳಲ್ಲಿ ಅವರು ಒಂಟಿಯಾಗಿ ಕೂರುತ್ತಿದ್ದದ್ದನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ. ಹೆತ್ತ ಮಕ್ಕಳಿಗೂ ತೋರಿಸದೆ ಎಷ್ಟು ವರ್ಷ ಕಳೆದರೋ!

ನನ್ನ ಸರದಿ ಬಂದದ್ದು ನಲವತ್ತನಾಲ್ಕು ದಾಟಿದ ಮೇಲೆ. ಒಂದು ದಿನ ಬಾಚಿಕೊಳ್ಳುವಾಗ ಟ್ಯೂಬ್‌ಲೈಟಿನ ಬೆಳಕು ನೇರವಾಗಿ ನೆತ್ತಿಗೆ ಬಿತ್ತು. ಬೈತಲೆ ಗೆರೆಯಂತಿರಲಿಲ್ಲ, ಕಾಲುದಾರಿಯಂತಿತ್ತು. ಮೊದಲು ಮನೆಮದ್ದುಗಳಾದವು. ದಾಸವಾಳ, ಗರಗದ ಸೊಪ್ಪು, ಈರುಳ್ಳಿ ರಸ, ಕಲೌಂಜಿ ಎಣ್ಣೆ. ದಿಂಬಿಗೆ ವಾಸನೆ ಹತ್ತಿದ್ದೇ ಲಾಭ. ಕೊನೆಗೆ ನಮ್ಮ ಮನೆಯವರಿಗೆ ಬೇರೆ ನೆಪ ಹೇಳಿ ಹುಬ್ಬಳ್ಳಿಗೆ ಹೋಗಿ ಚರ್ಮರೋಗದ ವೈದ್ಯೆಯೊಬ್ಬರನ್ನು ಕಂಡೆ.

ಅವರು ಸಮಾಧಾನದಿಂದ ನೋಡಿದರು. ದೀಪವಿರುವ ಒಂದು ಭೂತಗನ್ನಡಿಯನ್ನು ನೆತ್ತಿಯ ಮೇಲಿಟ್ಟು ಪರೀಕ್ಷಿಸಿ, ಇದು ವಂಶದಿಂದ ಬರುವಂಥದ್ದು ಎಂದರು. ಗಂಡಸರಿಗೆ ಹಣೆಯಿಂದ ಹಿಂದಕ್ಕೆ ಸರಿದರೆ, ಹೆಂಗಸರಿಗೆ ಸಾಮಾನ್ಯವಾಗಿ ಮುಂದಿನ ಅಂಚು ಉಳಿದುಕೊಂಡು ಬೈತಲೆಯ ಸುತ್ತ ತೆಳ್ಳಗಾಗುತ್ತದೆ. ಲುಡ್ವಿಗ್ ಎಂಬ ವೈದ್ಯರು 1977ರಲ್ಲಿ ಇದನ್ನು ಮೂರು ಹಂತಗಳಾಗಿ ವಿಂಗಡಿಸಿದ್ದಾರಂತೆ. ನನ್ನದು ಎರಡನೆಯದಕ್ಕೆ ಕಾಲಿಡುತ್ತಿತ್ತು. ಅಮ್ಮಾನದು ಮೂರನೆಯದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು, ಕಬ್ಬಿಣದ ಸಂಗ್ರಹ ಕಡಿಮೆಯಿತ್ತು. ಹಚ್ಚಲು ಮಿನಾಕ್ಸಿಡಿಲ್, ನುಂಗಲು ಕಬ್ಬಿಣದ ಮಾತ್ರೆ ಬರೆದುಕೊಟ್ಟರು.

ಆಮೇಲೆ ಮೊಬೈಲು ಕೈಗೆತ್ತಿಕೊಂಡು, "ಒಂದು ಫೋಟೊ ತೆಗೆದಿಡಲಾ? ಆರು ತಿಂಗಳ ಮೇಲೆ ಹೋಲಿಸಿ ನೋಡಲು ಬೇಕಾಗುತ್ತದೆ" ಎಂದರು.

"ಬೇಡ ಡಾಕ್ಟರ್" ಎಂದುಬಿಟ್ಟೆ.

ಅವರು ಒತ್ತಾಯ ಮಾಡಲಿಲ್ಲ. ತಪ್ಪು ಅವರದಲ್ಲ, ನನ್ನದೂ ಅಂತಲ್ಲ. ಬರಿದಲೆಯ ಚಿತ್ರ ಇನ್ನೊಬ್ಬರ ಫೋನಿನಲ್ಲಿ ಇರುವುದನ್ನು ನನ್ನ ಮನಸ್ಸು ಒಪ್ಪಲಿಲ್ಲ. ಆದರೆ ಅದರ ಫಲ ಆಮೇಲೆ ಗೊತ್ತಾಯಿತು. ಮೊದಲು ಹೇಗಿತ್ತು ಎಂಬುದಕ್ಕೆ ನನ್ನಲ್ಲಿ ದಾಖಲೆಯೇ ಇಲ್ಲ. ನನ್ನ ನೆನಪೇ ದಾಖಲೆ. ಕತೆ ಬರೆಯುವವಳ ನೆನಪನ್ನು ಎಷ್ಟು ನಂಬಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಈ ಔಷಧಿಯ ಹುಟ್ಟೇ ಒಂದು ಸ್ವಾರಸ್ಯದ ಕತೆ. ಅಮೆರಿಕದಲ್ಲಿ 1979ರಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ರಕ್ತದೊತ್ತಡದ ಮಾತ್ರೆಯಾಗಿ. ನುಂಗಿದವರಿಗೆ ಒತ್ತಡ ಇಳಿಯಿತು, ಜೊತೆಗೆ ಮುಖ ಕೈಕಾಲುಗಳಲ್ಲಿ ಬೇಡದ ಕೂದಲು ಬೆಳೆಯಿತು. ಬೇಡದ್ದನ್ನು ಬೇಕಾದ ಕಡೆ ತರಿಸೋಣವೆಂದು ಹಚ್ಚುವ ದ್ರಾವಣ ಮಾಡಿದರು. 1988ರಲ್ಲಿ ಗಂಡಸರಿಗೆ, 1991ರಲ್ಲಿ ಹೆಂಗಸರಿಗೆ ಅದಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು.

ಶುರು ಮಾಡಿದ ಮೂರನೆಯ ವಾರ ಕೂದಲು ಮೊದಲಿಗಿಂತ ಹೆಚ್ಚು ಉದುರತೊಡಗಿತು. ವೈದ್ಯೆ ಮುಂಚೆಯೇ ಹೇಳಿದ್ದರು. ತಲೆಯ ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು, ಉದುರಿ, ಅದೇ ಬೇರಿನಿಂದ ಮತ್ತೆ ಹುಟ್ಟುತ್ತದೆ. ಔಷಧಿ ಆ ಬೇರನ್ನು ಬೇಗ ಎಬ್ಬಿಸಿ ಬೆಳೆಯಲು ಹಚ್ಚುತ್ತದೆ. ಹೊಸದು ಏಳಬೇಕಾದರೆ ವಿಶ್ರಾಂತಿಯಲ್ಲಿದ್ದ ಹಳೆಯದು ಜಾಗ ಬಿಡಬೇಕು. ಉದುರಿದರೆ ಔಷಧಿ ಕೆಲಸ ಶುರುಮಾಡಿದೆ ಎಂದೂ ಅರ್ಥವಾಗಬಹುದು. ಕೇಳಲು ಎಲ್ಲ ಸರಿ. ಬಚ್ಚಲಿನ ಜಾಲರಿಯಲ್ಲಿ ಕಪ್ಪು ಉಂಡೆ ನಿಂತಿರುವಾಗ ಈ ತರ್ಕ ನೆನಪಿಟ್ಟುಕೊಳ್ಳುವುದು ಕಷ್ಟ. ಒಳ್ಳೆಯದಾಗುತ್ತಿರುವುದಕ್ಕೂ ಕೆಡುತ್ತಿರುವುದಕ್ಕೂ ಗುರುತು ಒಂದೇ ಆದರೆ ಮನುಷ್ಯ ಯಾವುದನ್ನು ನಂಬಬೇಕು?

ನಾನು ಎಣಿಸಲು ಕೂತೆ. ಹಳೆಯ ಡೈರಿಯೊಂದರಲ್ಲಿ ದಿನಾಂಕ, ಎದುರಿಗೆ ಸಂಖ್ಯೆ. ಅರವತ್ತೆರಡು, ತೊಂಬತ್ತು, ನೂರಾ ಮೂವತ್ತು. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ತಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಇರುತ್ತವೆ. ಎರಡು ದಿನ ತಲೆ ತೊಳೆಯದಿದ್ದರೆ ಮೂರನೆಯ ದಿನ ಮೂರು ದಿನದ್ದೂ ಒಟ್ಟಿಗೆ ಬರುತ್ತದೆ. ಎರಡು ತಿಂಗಳ ಲೆಕ್ಕ ಬರೆದ ಮೇಲೆ ನನಗೆ ಗೊತ್ತಾದದ್ದು, ನಾನು ಯಾವ ದಿನ ತಲೆಗೆ ಸ್ನಾನ ಮಾಡಿದೆ ಎಂಬುದಷ್ಟೇ.

ಆರು ತಿಂಗಳಿಗೆ ಉದುರುವುದು ಕಡಿಮೆಯಾಯಿತು. ಬೈತಲೆಯ ಅಂಚಿನಲ್ಲಿ ಗಿಡ್ಡ ಗಿಡ್ಡ ಕೂದಲು ಎದ್ದು ನಿಂತಿದ್ದವು. ಸಂತೋಷಪಡಬೇಕು ಅನ್ನುವಷ್ಟರಲ್ಲಿ ಸಂಶಯ ಬಂತು. ಇದು ಹಚ್ಚಿದ್ದರ ಗುಣವೋ, ನುಂಗಿದ ಕಬ್ಬಿಣದ ಗುಣವೋ? ಅಥವಾ ಎರಡೂ ಅಲ್ಲದೆ ತಾನಾಗಿಯೇ ಬಂದದ್ದೋ? ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿ, ರುಚಿ ಯಾವುದರದೆಂದು ಕೇಳಿದಂತಾಯಿತು.

ಆಗ ನಾನು ಓದಿದ ಒಂದು ಲೆಕ್ಕ ಇನ್ನೂ ತಲೆಯಿಂದ ಹೋಗಿಲ್ಲ. ಅಮೆರಿಕದಲ್ಲಿ ಹೆಂಗಸರಿಗೆ ಮಾರುವ ಶೇಕಡಾ 2ರ ದ್ರಾವಣದ ಜೊತೆಯ ಚೀಟಿಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಅಚ್ಚು ಹಾಕಿದ್ದಾರೆ. ಎಂಟು ತಿಂಗಳು ಔಷಧಿ ಹಚ್ಚಿದ ನೂರು ಹೆಂಗಸರಲ್ಲಿ 19 ಮಂದಿ ಕೂದಲು ಸಾಧಾರಣವಾಗಿ ಬೆಳೆಯಿತೆಂದರು, 40 ಮಂದಿ ತುಸು ಬೆಳೆಯಿತೆಂದರು. ಒಟ್ಟು 59. ಇನ್ನೊಂದು ಗುಂಪಿಗೆ ಔಷಧಿಯಿಲ್ಲದ ಬರಿಯ ದ್ರಾವಣ ಕೊಟ್ಟಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ. ಅವರಲ್ಲೂ ನೂರಕ್ಕೆ 7 ಮಂದಿ ಸಾಧಾರಣವಾಗಿ, 33 ಮಂದಿ ತುಸು ಬೆಳೆಯಿತೆಂದರು. ಒಟ್ಟು 40!

ಔಷಧಿ ಸುಳ್ಳೆಂದು ಈ ಲೆಕ್ಕ ಹೇಳುವುದಿಲ್ಲ. 40ಕ್ಕೂ 59ಕ್ಕೂ ಇರುವ ಅಂತರ ಔಷಧಿಯದೇ. ಆದರೆ ಖಾಲಿ ನೀರು ಹಚ್ಚಿಕೊಂಡ ಆ ನಲವತ್ತು ಹೆಂಗಸರನ್ನು ನಾನು ನೆನೆಯುತ್ತೇನೆ. ಅವರೂ ನನ್ನಂತೆಯೇ ರಾತ್ರಿ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತವರು. ಅವರು ಸುಳ್ಳು ಹೇಳಲಿಲ್ಲ, ಅವರಿಗೆ ಹಾಗೆ ಕಂಡಿತು. ಹಾಗಾದರೆ ನಾನು ಯಾವ ಸಾಲಿನವಳು? ನೂರು ಜನರನ್ನು ನಿಲ್ಲಿಸಿ ನೋಡಿದರೆ ಔಷಧಿ ಕಾಣುತ್ತದೆ. ಒಂದೇ ತಲೆಯಲ್ಲಿ ಅದನ್ನು ಹುಡುಕುವುದು ಹೇಗೆ? ಔಷಧಿ ಹಚ್ಚಿಕೊಳ್ಳದ ಇನ್ನೊಬ್ಬ ನಾನು ಪಕ್ಕದಲ್ಲಿ ನಿಂತಿದ್ದರೆ ಹೋಲಿಸಬಹುದಿತ್ತು. ಈ ಔಷಧಿ ಹಲವರಿಗೆ ಇದ್ದದ್ದನ್ನು ಉಳಿಸಿಕೊಡುತ್ತದೆ, ಹೊಸದನ್ನು ಅಷ್ಟಾಗಿ ಕೊಡುವುದಿಲ್ಲ. ಉಳಿದದ್ದು ಕಣ್ಣಿಗೆ ಕಾಣುವುದಿಲ್ಲವಲ್ಲ. ನಿನ್ನೆ ಇದ್ದಂತೆಯೇ ಇವತ್ತೂ ಇದ್ದರೆ, ಏನೂ ಆಗಲಿಲ್ಲವೆಂದೇ ಅನಿಸುತ್ತದೆ.

ತಿಳಿಯಲು ಒಂದು ದಾರಿಯಿದೆ. ನಿಲ್ಲಿಸಿ ನೋಡುವುದು. ಔಷಧಿ ಕೆಲಸ ಮಾಡುತ್ತಿದ್ದರೆ, ನಿಲ್ಲಿಸಿದ ಮೂರು ನಾಲ್ಕು ತಿಂಗಳಲ್ಲಿ ಅದು ಹಿಡಿದಿಟ್ಟದ್ದೆಲ್ಲ ಉದುರಿಹೋಗುತ್ತದೆ. ಉದುರದಿದ್ದರೆ ಇಷ್ಟು ದಿನ ಹಚ್ಚಿದ್ದು ದಂಡ. ನಿಜ ತಿಳಿಯಬೇಕೆಂದರೆ ಇರುವುದನ್ನು ಪಣಕ್ಕಿಡಬೇಕು. ಎರಡು ಸಲ ನಿಲ್ಲಿಸುವ ನಿರ್ಧಾರ ಮಾಡಿದೆ. ಎರಡು ಸಲವೂ ನಾಲ್ಕನೆಯ ರಾತ್ರಿಗೆ ಬಾಟಲಿ ಕೈಯಲ್ಲಿತ್ತು.

ಇಷ್ಟರಲ್ಲಿ ಔಷಧಿ ತನ್ನ ಇರವನ್ನು ಇನ್ನೊಂದು ಕಡೆ ತೋರಿಸಿತು. ಕಪೋಲದ ಮೇಲೆ, ಕಿವಿಯ ಮುಂದೆ ನವಿರಾದ ಕೂದಲು. ಹೆಂಗಸರಲ್ಲಿ ಕೆಲವರಿಗೆ ಹೀಗಾಗುತ್ತದೆಂದು ವೈದ್ಯೆ ಹೇಳಿದ್ದರು. ಭಾಬಿ ಬೆಳಕಿಗೆ ಮುಖ ತಿರುಗಿಸಿ, "ಹಾಯ್ ಅಲ್ಲಾ, ಇದೇನಿದು!" ಎಂದರು. ನನಗೆ ಅಳು ಬರಬೇಕಿತ್ತು, ನಗು ಬಂತು. ಮುಚ್ಚಿಕೊಳ್ಳುವ ಜಾಗದಲ್ಲಿ ಬಾರದ ಕೂದಲು ಮುಚ್ಚಲಾಗದ ಜಾಗದಲ್ಲಿ ಬಂದಿತ್ತು. ಬಾಟಲಿಯಲ್ಲಿರುವುದು ಬರಿ ನೀರಲ್ಲವೆಂಬುದಾದರೂ ಖಾತ್ರಿಯಾಯಿತು. ಹಚ್ಚಿದ ಮೇಲೆ ಕೈ ಚೆನ್ನಾಗಿ ತೊಳೆದುಕೊಂಡು, ಒಣಗುವ ಮುಂಚೆ ದಿಂಬಿಗೆ ತಲೆಯಿಡದಿರಲು ಕಲಿತೆ.

ನಮ್ಮ ಪಕ್ಕದ ಮನೆಯಾಕೆ ಭಾಗ್ಯನಗರಕ್ಕೆ ಕೂದಲು ಬಿಡಿಸಲು ಹೋಗುತ್ತಾರೆ. ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಕೂದಲು ಹೂಳುವುದನ್ನು ಗೋಡೆಯಾಚೆಯಿಂದ ನೋಡಿದರು.

"ಅಕ್ಕಾರ, ಏನ ಅಷ್ಟ ಗುಟ್ಟಾಗಿ ಹೂಳಾಕ ಹತ್ತೀರಿ? ಬಂಗಾರೇನ?"

ಯಾಕೋ ಅವರೆದುರು ಎಲ್ಲವನ್ನೂ ಹೇಳಿಬಿಟ್ಟೆ. ಅವರು ನಗಲಿಲ್ಲ. ಕೂದಲಿದ್ದಾಕಿ ಹ್ಯಾಂಗ ತುರುಬು ಕಟ್ಟಿದ್ರೂ ಚೆಂದ ಎಂಬ ಗಾದೆ ಹೇಳಿ, "ಅದನ್ನ ಮಾಡಿದಾಕಿಗೆ ಕೂದ್ಲ ಇದ್ದಿರಬೇಕ್ ಬಿಡ್ರಿ" ಎಂದರು. ಒಂದು ಗಿಡ್ಡ ಕೂದಲು ಕೇಳಿ ತೆಗೆದುಕೊಂಡು ಎರಡು ಬೆರಳ ನಡುವೆ ತಿಕ್ಕಿದರು. ಅದು ಒಂದೇ ಕಡೆಗೆ ಜರುಗಿತು. "ಈ ಕಡೆ ಬುಡ. ಇನ್ನ ತುದಿ ನೋಡ್ರಿ. ತುದಿ ಸಣ್ಣಾಗಿ ಚೂಪ ಐತಿ ಅಂದ್ರ ಹೊಸದಾಗಿ ಹುಟ್ಟಿದ್ದು. ಮೊಂಡ ಇತ್ತಂದ್ರ ಹಳೇದು, ನಡುವ ಮುರದೈತಿ" ಎಂದರು. ವೈದ್ಯೆಯನ್ನು ಕೇಳಿದಾಗ ಅವರೂ ಅದನ್ನೇ ಹೇಳಿದರು.

ಹದಿನಾಲ್ಕು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಸಾಕ್ಷಿ ಇದು. ಅದು ಸಿಕ್ಕಿದ್ದು ನಾನು ಒಬ್ಬರಿಗೆ ತೋರಿಸಿದ ಮೇಲೆ. ಈ ಮಾತು ನನ್ನನ್ನು ಕೊರೆಯತೊಡಗಿತು. ಅಮ್ಮಾ ಒಂದು ದಿನ ಓಢ್ನಿ ಸರಿಸಿ "ನೋಡು ಬೇಟಿ" ಎಂದಿದ್ದರೆ ಏನಾಗುತ್ತಿತ್ತು? ಅವರ ಕಾಲಕ್ಕೂ ಈ ಔಷಧಿಯಿತ್ತು. ಪ್ರಯೋಜನವಾಗುತ್ತಿತ್ತೋ ಇಲ್ಲವೋ ಬೇರೆ ಮಾತು. ಒಬ್ಬರೇ ಅನುಭವಿಸುವುದಾದರೂ ತಪ್ಪುತ್ತಿತ್ತು.

ಅದಕ್ಕೆ ನಾನೂ ಕಾರಣಳೇ. ಉರ್ದು ಶಾಲೆಯಲ್ಲಿ ಜುಲ್ಫ್, ಗೇಸೂ ಎಂಬ ಪದಗಳ ಅರ್ಥ ಬಾಯಿಪಾಠ ಮಾಡಿ, ಆಮೇಲೆ ಕನ್ನಡದಲ್ಲಿ ಹೆರಳು, ನಾಗರಜಡೆಗಳನ್ನು ಓದಿ ಬೆಳೆದವಳು ನಾನು. ಮೊನ್ನೆ ನನ್ನದೇ ಕತೆಗಳನ್ನು ತಿರುವಿ ಹಾಕಿದೆ. ಎಲ್ಲ ನಾಯಕಿಯರಿಗೂ ಮೊಣಕಾಲು ಮುಟ್ಟುವ ಜಡೆ! ಕೂದಲು ತೆಳುವಾದ ಒಬ್ಬ ಹೆಂಗಸಿಗೂ ನಾನು ಕತೆಯಲ್ಲಿ ಜಾಗ ಕೊಟ್ಟಿರಲಿಲ್ಲ.

ಇದನ್ನು ಬರೆಯುವ ಮುನ್ನ ಆಪಾಳಿಗೆ ಫೋನು ಮಾಡಿದೆ. ಮಯ್ಯಿತ್‌ನ ಐಬು ಹೊರಗೆ ಹೇಳಬಾರದೆಂದು ನಮ್ಮಿಬ್ಬರಿಗೂ ಗೊತ್ತು. ಖಾಲಾ ಅವತ್ತು ಹೇಳಿದ್ದೂ ಅದನ್ನೇ. ಆಪಾ ತುಸು ಹೊತ್ತು ಸುಮ್ಮನಿದ್ದು, "ಐಬು ಅಂದರೆ ಮುಚ್ಚಿಡೋಣ. ಕೂದಲು ಉದುರುವುದು ಐಬು ಅಂತ ಯಾರು ಹೇಳಿದ್ದು?" ಎಂದಳು. ಆಮೇಲೆ ಮೆಲ್ಲಗೆ, "ನನಗೂ ಶುರುವಾಗಿದೆ" ಎಂದಳು. ಅವಳ ದನಿಯಲ್ಲಿ ಅಳುವಿತ್ತೋ ನಗುವಿತ್ತೋ ತಿಳಿಯಲಿಲ್ಲ. ಆ ವೈದ್ಯೆಯ ವಿಳಾಸ ಕೊಟ್ಟೆ.

ಕಳೆದ ತಿಂಗಳು ಒಂದು ರಾತ್ರಿ ಕೋಣೆಯ ಬಾಗಿಲು ಹಾಕದೆಯೇ ಕನ್ನಡಿಯ ಮುಂದೆ ಕೂತೆ. ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಳೆ, ವಿಜ್ಞಾನ ಓದುತ್ತಾಳೆ. ಬಾಟಲಿ ನೋಡಿ ಹೆಸರು ಓದಿದಳು. ನನ್ನ ನೆತ್ತಿ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ, ನಾನಿಯ ಗುಸ್ಲಿನ ಸಂಗತಿಯನ್ನೂ.

ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮಿ, ನನಗೂ ಹೀಗೇ ಆಗುತ್ತಾ?"

ಇಲ್ಲ ಎಂದು ಹೇಳುವುದು ಸುಲಭವಿತ್ತು. "ಆಗಬಹುದು, ಆಗದೆಯೂ ಇರಬಹುದು. ಇದು ತಾಯಿಯ ಕಡೆಯಿಂದ ಒಂದರಿಂದಲೇ ಬರುವುದಲ್ಲ, ಎರಡೂ ಕಡೆಯಿಂದ ಬರುತ್ತದೆ. ಆದರೆ ನನಗೆ ಹೇಳು. ಬಾಗಿಲು ಹಾಕಿಕೊಳ್ಳಬೇಡ" ಎಂದೆ.

ಅವಳು ತನ್ನ ಸ್ಕೇಲು ತಂದಳು. ಬೈತಲೆಯ ಅಗಲವನ್ನು ನೆತ್ತಿಯ ಮೇಲೆ ಅಳೆದಳು. ನನ್ನದೇ ಫೋನಿನಲ್ಲಿ ಬೈತಲೆಯಷ್ಟೇ ಕಾಣುವಂತೆ ಫೋಟೊ ತೆಗೆದಳು. ನೋಡಿದರೆ ಯಾರ ತಲೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಹುಬ್ಬಳ್ಳಿಯಲ್ಲಿ ಇದು ನನಗೆ ಹೊಳೆದಿರಲಿಲ್ಲ. ಗಿಡ್ಡ ಕೂದಲು ಮೂರನ್ನು ಬಾಚಣಿಗೆಯಿಂದ ಆರಿಸಿ ಬಿಳಿ ಕಾಗದದ ಮೇಲಿಟ್ಟು ಕಾಲೇಜಿನ ಲೆನ್ಸಿನಲ್ಲಿ ತುದಿ ಪರೀಕ್ಷಿಸಿದಳು. ಎರಡು ಚೂಪಾಗಿದ್ದವು, ಒಂದು ಮೊಂಡಾಗಿತ್ತು.

"ಅಂದರೆ ಕೆಲಸ ಮಾಡುತ್ತಿದೆಯಾ?" ಎಂದೆ.

"ಮೂರು ಕೂದಲು ನೋಡಿ ಹೇಳೋಕಾಗಲ್ಲ ಅಮ್ಮಿ. ಆರು ತಿಂಗಳು ಹೀಗೇ ಅಳೆಯೋಣ, ಆಮೇಲೆ ಹಚ್ಚಬೇಕೋ ಬಿಡಬೇಕೋ ನೋಡೋಣ."

ನನ್ನ ಡೈರಿಯಲ್ಲಿ ಎಣಿಕೆ ನಿಂತುಹೋಗಿದ್ದ ಪುಟದ ಕೆಳಗೆ ದಿನಾಂಕ ಹಾಕಿ, ಏಳು ಮಿಲಿಮೀಟರ್ ಎಂದು ಬರೆದಳು. ಪೆನ್ನು ಮುಚ್ಚುವ ಮೊದಲು ತಲೆಯೆತ್ತಿ ಕೇಳಿದಳು.

"ನಾನಿಯದು ಎಷ್ಟಿತ್ತು?"

"ಯಾರೂ ಅಳೆಯಲಿಲ್ಲ" ಎಂದೆ.